ಫ್ಲಾರೆನ್ಸ್ ನೈಟಿಂಗೇಲ್: ದೀಪಕ್ಕಿಂತ ಹೆಚ್ಚು ಜೀವ ಉಳಿಸಿದ್ದು ಚರಂಡಿ ಮತ್ತು ಲೆಕ್ಕ

ನರ್ಸಿಂಗ್ ಕಾಲೇಜುಗಳಲ್ಲಿ ನಡೆಯುವ ದೀಪ ಬೆಳಗುವ ಸಮಾರಂಭವನ್ನು ನೀವು ನೋಡಿರಬಹುದು. ಬಿಳಿ ಸಮವಸ್ತ್ರದ ಹೊಸ ವಿದ್ಯಾರ್ಥಿಗಳು, ಕೈಯಲ್ಲಿ ದೀಪ, ವೇದಿಕೆಯ ಮೇಲೆ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ. ಎಷ್ಟೋ ಚಿತ್ರಗಳಲ್ಲಿ ಅವರು ಹಿಡಿದಿರುವುದು ಅಲ್ಲಾವುದ್ದೀನನ ಕಥೆಯ ದೀಪದಂಥದ್ದು. ಆದರೆ ಅವರಿದ್ದ ಆಸ್ಪತ್ರೆಯಲ್ಲಿ ಬಳಸುತ್ತಿದ್ದದ್ದು ಮಡಚಿಡಬಹುದಾದ ಟರ್ಕಿಯ ಕಂದೀಲು. ಇದು ಸಣ್ಣ ತಪ್ಪು, ಬಿಡಿ. ಅವರು ಬರೀ ಮಮತೆಯಿಂದ ಸೈನಿಕರನ್ನು ಸಾವಿನಿಂದ ಕಾಪಾಡಿದರು ಎಂಬ ನಂಬಿಕೆ ಇದಕ್ಕಿಂತ ದೊಡ್ಡ ತಪ್ಪು.

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ಊರಿನ ಹೆಸರನ್ನೇ ಮಗುವಿಗಿಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ತಂದೆಯೇ ಮನೆಯಲ್ಲಿ ಪಾಠ ಹೇಳಿದರು. ಹುಡುಗಿಗೆ ಗಣಿತದ ಹುಚ್ಚು. 1845ರಲ್ಲಿ ಆಸ್ಪತ್ರೆಗೆ ಹೋಗಿ ರೋಗಿಗಳ ಆರೈಕೆ ಕಲಿಯುತ್ತೇನೆ ಎಂದಾಗ ಮನೆಯವರು ಒಪ್ಪಲಿಲ್ಲ. ಮನೆಯವರನ್ನು ಸುಮ್ಮನೆ ದೂರುವಂತಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆ ದಾದಿಯ ಕೆಲಸಕ್ಕೆ ತರಬೇತಿಯಿರಲಿಲ್ಲ, ಗೌರವವಿರಲಿಲ್ಲ, ದಾದಿಯರು ಕುಡುಕಿಯರೆಂಬ ಅಪಖ್ಯಾತಿ ಬೇರೆ. ಹಟ ಬಿಡದ ನೈಟಿಂಗೇಲ್, ಬಂದ ಒಳ್ಳೆಯ ಸಂಬಂಧವನ್ನೂ ಬೇಡವೆಂದರು. 1851ರಲ್ಲಿ, 31ನೇ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. ಎರಡು ವರ್ಷದ ನಂತರ ಲಂಡನ್ನಿನ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು.

1854ರ ನವೆಂಬರ್‌ನಲ್ಲಿ 38 ದಾದಿಯರ ತಂಡದೊಂದಿಗೆ ಇಸ್ತಾಂಬುಲ್ ಪಕ್ಕದ ಸ್ಕುಟಾರಿಗೆ ಬಂದಿಳಿದರು. ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ತುಂಬಿದ್ದ ಬ್ಯಾರಕ್ ಆಸ್ಪತ್ರೆ ಅದು. ಹಾಸಿಗೆ, ಬಟ್ಟೆ, ಸೋಪು ಯಾವುದೂ ಸಾಲದು. ಅವರು ಅಡುಗೆಮನೆ ಸರಿಮಾಡಿಸಿದರು, ಬಟ್ಟೆ ಒಗೆಸುವ ಏರ್ಪಾಡು ಮಾಡಿದರು, ರಾತ್ರಿ ವಾರ್ಡು ಸುತ್ತಿದರು. ಪತ್ರಿಕೆಗಳಲ್ಲಿ ದೀಪದ ಚಿತ್ರ ಬಂದು ಮನೆಮಾತಾದರು.

ಅದೇ ಚಳಿಗಾಲದಲ್ಲಿ ಸಾವುಗಳು ಏರುತ್ತಲೇ ಹೋದವು! 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಗುಂಡೇಟಲ್ಲ. ಭೇದಿ, ಟೈಫಸ್, ಕಾಲರಾದಂಥ ಕಾಯಿಲೆಗಳು. ಕಟ್ಟಡದ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೊಳೆಯುತ್ತಿತ್ತು. ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿತು, ನೀರಿನ ದಾರಿ ಶುಚಿ ಮಾಡಿಸಿತು, ಗೋಡೆಗೆ ಸುಣ್ಣ ಬಳಿಸಿ ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಯುದ್ಧದ ಸಮಯದಲ್ಲಿ ನೈಟಿಂಗೇಲ್ ಸಾವುಗಳಿಗೆ ಕಾರಣ ಅಪೌಷ್ಟಿಕತೆ, ದಣಿವು ಎಂದೇ ಬಗೆದಿದ್ದರು. ಊರಿಗೆ ಮರಳಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ, ತಾವಿದ್ದ ಆಸ್ಪತ್ರೆಯ ಕೊಳಕೇ ಕೊಂದಿದೆ ಎಂಬುದು ಕಣ್ಣಿಗೆ ರಾಚಿತು. ದೇಶವೆಲ್ಲ ಹೊಗಳುತ್ತಿದ್ದಾಗ ಈ ಲೆಕ್ಕವನ್ನು ಮುಚ್ಚಿಡುವುದು ಸುಲಭವಿತ್ತು. ಅವರು ಅದನ್ನು ಬಣ್ಣದ ವೃತ್ತಾಕಾರದ ನಕ್ಷೆಗಳಾಗಿಸಿ ಅಧಿಕಾರಸ್ಥರ ಮುಂದಿಟ್ಟರು. ನನಗೆ ಅವರ ಬದುಕಿನ ಅತಿ ದೊಡ್ಡ ಧೈರ್ಯ ಇದೇ ಅನ್ನಿಸುತ್ತದೆ. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆಯಾದರು. ಹಾಗೆಂದು ಅವರು ಹೇಳಿದ್ದೆಲ್ಲ ಸರಿಯಿರಲಿಲ್ಲ: ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಬಹುಕಾಲ ನಂಬಿದ್ದರು. ಕಾರಣ ತಪ್ಪಾದರೂ ಮದ್ದು ಸರಿಯಿತ್ತು.

1860ರಲ್ಲಿ, ಜನ ಕೂಡಿಸಿಕೊಟ್ಟ ನಿಧಿಯಿಂದ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ ಉಚಿತ, ಮೇಲೆ ಸಣ್ಣ ಸಂಬಳ. ಬಡ ಮನೆಯ ಹೆಣ್ಣುಮಗಳೂ ಕಲಿತು ಗೌರವದಿಂದ ದುಡಿಯಬಹುದಿತ್ತು. ಇಲ್ಲಿ ಕಲಿತವರು ದೂರದ ಸಿಡ್ನಿಯವರೆಗೂ ಹೋಗಿ ನರ್ಸಿಂಗ್ ಕಟ್ಟಿದರು.

ಯುದ್ಧದಲ್ಲಿ ತಗುಲಿದ ಜ್ವರ, ಬಹುಶಃ ಬ್ರುಸೆಲ್ಲೋಸಿಸ್, ಅವರನ್ನು ವರ್ಷಗಟ್ಟಲೆ ಹಾಸಿಗೆಗೆ ಕಟ್ಟಿಹಾಕಿತು. ಅಲ್ಲಿಂದಲೇ ಭಾರತದ ಸೇನಾ ನೆಲೆಗಳಿಗೆ ಪ್ರಶ್ನಾವಳಿ ಕಳುಹಿಸಿ ಮಾಹಿತಿ ತರಿಸಿಕೊಂಡರು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆ ಎಂದು 1863ರ ವರದಿ ತೋರಿಸಿತು. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ.

1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪ ಬಂದರೂ ಕುಟುಂಬ ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನಂಗಳದ ಕಲ್ಲಿನಲ್ಲಿ ಅವರ ಪೂರ್ತಿ ಹೆಸರಿಲ್ಲ, ಎಫ್. ಎನ್. ಎಂಬ ಎರಡು ಅಕ್ಷರಗಳಿವೆ.