ಹೃದಯಕ್ಕೆ ದಾರಿ ತೋರಿದ ವೈದ್ಯ

ವೈದ್ಯರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವುದನ್ನು ನೀವು ಕಂಡಿರಬಹುದು. ಆದರೆ ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ಆ ಪಟ್ಟಿ ತಿಳಿಸಲಾರದು. ಎದೆಗೂಡಿನೊಳಗೆ ಹುದುಗಿರುವ ಆ ನಾಳಗಳನ್ನು ತಲುಪುವುದೆಂತು? ಅದಕ್ಕೆ ದಾರಿ ತೋರಿದವನು ವರ್ನರ್ ಫೋರ್ಸ್‌ಮನ್.

ಆತ 1904ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಕುದುರೆಯ ಕೊರಳಿನ ಅಭಿಧಮನಿಯ ಮೂಲಕ ಹೃದಯಕ್ಕೆ ನಳಿಕೆಯಿಳಿಸಿ ಒತ್ತಡವನ್ನು ಅಳೆಯುವ ಚಿತ್ರವೊಂದನ್ನು ಪುಸ್ತಕದಲ್ಲಿ ಕಂಡಂದಿನಿಂದ, ಮನುಷ್ಯನಲ್ಲಿಯೂ ಇದು ಏಕೆ ಸಾಧ್ಯವಾಗಬಾರದೆಂಬ ಯೋಚನೆ ಆತನನ್ನು ಬಿಡಲಿಲ್ಲ.

1929ರಲ್ಲಿ ಆತ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದನು. ಜೀವಂತ ಹೃದಯವನ್ನು ಮುಟ್ಟುವುದೆಂದರೆ ಸಾವನ್ನು ಕರೆದಂತೆ ಎಂದು ಭಾವಿಸಿದ್ದ ಕಾಲವದು. ಹಿರಿಯ ವೈದ್ಯರು ಅನುಮತಿ ನೀಡಲಿಲ್ಲ. ಉಪಕರಣಗಳು ಒಬ್ಬ ದಾದಿಯ ವಶದಲ್ಲಿದ್ದವು. ಪ್ರಯೋಗ ತನ್ನ ಮೇಲೆಯೇ ನಡೆಯಲೆಂದು ಆಕೆ ಧೈರ್ಯದಿಂದ ಒಪ್ಪಿದಳು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿ, ಆಕೆಗೆ ತಿಳಿಯದಂತೆ ತನ್ನ ಎಡತೋಳಿನ ಅಭಿಧಮನಿಯನ್ನೇ ಕೊಯ್ದು, 65 ಸೆಂಟಿಮೀಟರು ಉದ್ದದ ನಳಿಕೆಯೊಂದನ್ನು ಒಳಕ್ಕೆ ತೂರಿಸತೊಡಗಿದನು. ಈ ವಂಚನೆಯನ್ನು ಮೆಚ್ಚಲಾಗದು. ಆದರೂ ಆತ ಅಪಾಯಕ್ಕೆ ಒಡ್ಡಿದ್ದು ತನ್ನ ಪ್ರಾಣವನ್ನು. ಬಳಿಕ ದಾದಿಯ ಕಟ್ಟು ಬಿಚ್ಚಿ, ನಳಿಕೆ ತೋಳಿನಲ್ಲಿರುವಂತೆಯೇ ಮೆಟ್ಟಿಲಿಳಿದು ಕ್ಷ-ಕಿರಣದ ಕೋಣೆಗೆ ನಡೆದನು. ಕನ್ನಡಿಯಲ್ಲಿ ಬಿಂಬವನ್ನು ನೋಡುತ್ತ ಅದನ್ನು ಇನ್ನಷ್ಟು ಮುಂದಕ್ಕೆ ನೂಕಿದನು. ನಳಿಕೆಯ ತುದಿ ಬಲ ಹೃತ್ಕರ್ಣವನ್ನು ಸೇರಿತು!

ಅದೇ ವರ್ಷ ಆತ ಈ ಪ್ರಯೋಗದ ವಿವರವನ್ನು ಪ್ರಕಟಿಸಿದನು. ಆದರೆ ದೊರೆತದ್ದು ಮನ್ನಣೆಯಲ್ಲ, ತಿರಸ್ಕಾರ. ಹೃದಯದ ಸಂಶೋಧನೆಯನ್ನು ತೊರೆದು ಮೂತ್ರರೋಗಗಳ ಚಿಕಿತ್ಸೆಗೆ ತಿರುಗಿದನು. 1932ರಲ್ಲಿ ನಾಟ್ಸಿ ಪಕ್ಷವನ್ನು ಸೇರಿದುದು ಆತನ ಬಾಳಿನ ಅಳಿಯದ ಕಳಂಕ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯನಾಗಿದ್ದು ಅಮೆರಿಕನ್ನರ ಸೆರೆಯಾಳಾದನು. ಬಿಡುಗಡೆಯ ಬಳಿಕ ಹಳ್ಳಿಗಾಡಿನಲ್ಲಿ ವೈದ್ಯವೃತ್ತಿ ನಡೆಸಿದನು.

ಈ ನಡುವೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬ ವೈದ್ಯರು ಆತನ ವಿಧಾನವನ್ನು ಕೈಗೆತ್ತಿಕೊಂಡಿದ್ದರು. 1940ರ ದಶಕದಲ್ಲಿ ಅವರು ನಳಿಕೆಯನ್ನು ಬಲ ಹೃತ್ಕುಕ್ಷಿಯ ಮೂಲಕ ದಾಟಿಸಿ, ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ಅಪಧಮನಿಯವರೆಗೆ ಸಾಗಿಸಿದರು. ತೋಳಿನಲ್ಲಿ ಅಳೆಯುವ ಸಹಜ ಒತ್ತಡವು ಸುಮಾರು 120/80 ಮಿಲಿಮೀಟರ್ ಪಾದರಸವಾದರೆ, ಈ ಅಪಧಮನಿಯಲ್ಲಿ ಅದು ಸುಮಾರು 25/10 ಮಾತ್ರ, ಸರಾಸರಿ 14ರಷ್ಟು. ಇಡೀ ದೇಹದಲ್ಲಿ ಹರಿಯುವಷ್ಟೇ ರಕ್ತ ಶ್ವಾಸಕೋಶದಲ್ಲಿಯೂ ಹರಿಯುತ್ತದೆ. ಆದರೂ ಅಲ್ಲಿನ ನಾಳಗಳು ಸುಲಭವಾಗಿ ಹಿಗ್ಗುವುದರಿಂದ ಹರಿವಿಗೆ ತಡೆ ಅಲ್ಪ. ವಿಶ್ರಾಂತಿಯಲ್ಲಿರುವಾಗಲೇ ಸರಾಸರಿ ಒತ್ತಡ 20ನ್ನು ಮೀರಿದರೆ ವೈದ್ಯರು ಅದನ್ನು ಅಧಿಕವೆಂದು ಎಣಿಸುತ್ತಾರೆ. ತೆಳುಗೋಡೆಯ ಬಲ ಹೃತ್ಕುಕ್ಷಿಯು ಆ ಹೊರೆಯನ್ನು ಬಹುಕಾಲ ಹೊರಲಾರದೆ ಸೋಲುತ್ತದೆ.

1956ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಫೋರ್ಸ್‌ಮನ್ ಬಾಡ್ ಕ್ರೊಯ್ಟ್ಸ್‌ನಾಖ್ ಎಂಬ ಊರಿನಲ್ಲಿ ಮೂತ್ರರೋಗಗಳ ವೈದ್ಯನಾಗಿದ್ದನು. ಆತ 1979ರಲ್ಲಿ ತೀರಿಕೊಂಡನು.