ಸಿಗ್ರಿಡ್ ಉಂಡ್‌ಸೆಟ್: ಬದುಕು ಮತ್ತು ಅನುವಾದ

ನಾರ್ವೆಯ ಕಾದಂಬರಿಕಾರ್ತಿ ಸಿಗ್ರಿಡ್ ಉಂಡ್‌ಸೆಟ್ (1882–1949) 1928ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿಗೆ ಪಾತ್ರರಾದವರು. ಪರದೇಶಗಳ ಓದುಗರಲ್ಲಿ ಅವರ ಹೆಸರು ನೆಲೆನಿಂತದ್ದು ಅನುವಾದಗಳ ಮೂಲಕ. ಆದರೆ ಇಂಗ್ಲಿಷ್ ಓದುಗರು ಸುಮಾರು 70 ವರ್ಷಗಳ ಕಾಲ ಓದಿದ ಗದ್ಯವು ಉಂಡ್‌ಸೆಟ್ ಅವರ ಗದ್ಯವನ್ನು ಹೋಲುತ್ತಿರಲಿಲ್ಲ ಎಂಬುದು ಪರಿಶೀಲನಾರ್ಹ ಸಂಗತಿ.

ಡೆನ್ಮಾರ್ಕಿನ ಕಾಲುಂಡ್‌ಬೋರ್ಗ್‌ನಲ್ಲಿ ಹುಟ್ಟಿದ ಅವರು ಬೆಳೆದದ್ದು ನಾರ್ವೆಯ ರಾಜಧಾನಿಯಲ್ಲಿ. ತಂದೆ ಇಂಗ್ವಾಲ್ಡ್ ಪುರಾತತ್ತ್ವಜ್ಞರು. ಗತಕಾಲದ ಗೀಳು ಮಗಳಿಗೆ ಹತ್ತಿದ್ದು ಮನೆಯಲ್ಲಿಯೇ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಉನ್ನತ ಶಿಕ್ಷಣದ ಆಸೆ ಕೈಬಿಟ್ಟು, ಹದಿನಾರರ ಹರೆಯದಿಂದ ಹತ್ತು ವರ್ಷ ಕಛೇರಿಯೊಂದರಲ್ಲಿ ದುಡಿದರು. ಆ ಅವಧಿಯಲ್ಲಿ ಬರೆದ ಮಧ್ಯಯುಗದ ಕಾದಂಬರಿಯನ್ನು ಪ್ರಕಾಶಕರು ತಿರಸ್ಕರಿಸಿದರು. 1907ರ ಮೊದಲ ಕೃತಿಯೂ 1911ರ ‘ಯೆನ್ನಿ’ಯೂ ಸಮಕಾಲೀನ ಸ್ತ್ರೀಯರ ಕಥನಗಳು. ತಿರಸ್ಕೃತವಾದ ಕಾಲಕ್ಕೆ ಅವರು ಮರಳಿದ್ದು ‘ಕ್ರಿಸ್ಟಿನ್ ಲಾವ್ರಾನ್ಸ್‌ಡಾಟರ್’ (1920–22) ಎಂಬ ಮೂರು ಸಂಪುಟಗಳ ಕಾದಂಬರಿಯಲ್ಲಿ. ದಾಂಪತ್ಯ ಮುರಿದು, ಲಿಲ್ಲೆಹಾಮರ್‌ನಲ್ಲಿ ಮಕ್ಕಳೊಡನೆ ನೆಲೆಸಿದ್ದ ವರ್ಷಗಳವು.

ಈ ಕೃತಿಯನ್ನು 1923–27ರಲ್ಲಿ ಇಂಗ್ಲಿಷಿಗೆ ತಂದವರು ಚಾರ್ಲ್ಸ್ ಆರ್ಚರ್ ಮತ್ತು ಜೆ. ಎಸ್. ಸ್ಕಾಟ್. ಆರ್ಚರ್, ಇಬ್ಸನ್‌ನ ಅನುವಾದಕ ವಿಲಿಯಂ ಆರ್ಚರ್‌ರ ತಮ್ಮ. ಕಥೆ ಹದಿನಾಲ್ಕನೆಯ ಶತಮಾನದ್ದಾದುದರಿಂದ ಭಾಷೆಯೂ ಹಳತಾಗಿರಬೇಕೆಂದು ಇವರು ಭಾವಿಸಿದರು. ಬಳಕೆ ತಪ್ಪಿದ ಪದಗಳನ್ನೂ ಕ್ರಿಯಾರೂಪಗಳನ್ನೂ ಹುಡುಕಿ ತುಂಬಿದರು. ಕೆಲವು ಭಾಗಗಳನ್ನು ಕೈಬಿಟ್ಟರು. ಮೂಲದಲ್ಲಿಯೂ ಅಲ್ಲಲ್ಲಿ ಹಳೆಯ ಪದಗಳಿವೆ, ನಿಜ. ಆದರೆ ವಾಕ್ಯಗಳು ನೇರ, ನಿರಾಡಂಬರ. ವಿಜಯನಗರದ ಕಾಲದ ಕಥೆಯೆಂಬ ಕಾರಣಕ್ಕೆ ಇಂದಿನ ಕಾದಂಬರಿಯೊಂದನ್ನು ನಡುಗನ್ನಡಕ್ಕೆ ತಿರುಗಿಸಿದರೆ ಏನಾದೀತೋ ಅದೇ ಇಲ್ಲಿ ಆಯಿತು. ಕ್ರಿಸ್ಟಿನ್‌ಳ ಪ್ರೇಮವೂ ಪಶ್ಚಾತ್ತಾಪವೂ ಕಣ್ಣೆದುರಿನ ಹೆಣ್ಣಿನ ಅನುಭವವಾಗುವ ಬದಲು ಪುರಾತನ ಚಿತ್ರಪಟವಾದವು. ಹಾಗಿದ್ದೂ ಓದುಗರು ಕೃತಿಯನ್ನು ಕೈಬಿಡಲಿಲ್ಲವೆಂಬುದು ಕಥನದ ಕಸುವಿಗೆ ಸಾಕ್ಷಿ.

ನಾಜಿವಾದವನ್ನು ಮೊದಲಿನಿಂದಲೂ ವಿರೋಧಿಸಿದ ಉಂಡ್‌ಸೆಟ್ ತಮ್ಮ ನೊಬೆಲ್ ಪದಕವನ್ನು 1940ರಲ್ಲಿ ಫಿನ್‌ಲೆಂಡಿನ ನೆರವಿಗೆ ಕೊಟ್ಟರು. (ಅದೇ ದೇಶದ ಕ್ನೂಟ್ ಹಾಮ್ಸುನ್ 1943ರಲ್ಲಿ ತಮ್ಮ ಪದಕವನ್ನು ಗೋಬೆಲ್ಸ್‌ಗೆ ಅರ್ಪಿಸಿದರು.) 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿತು, ಹಿರಿಯ ಮಗ ಆಂಡರ್ಸ್ ಆ ತಿಂಗಳೇ ಯುದ್ಧದಲ್ಲಿ ಮಡಿದನು. ತಾಯಿ ಸ್ವೀಡನ್, ಸೋವಿಯತ್ ಒಕ್ಕೂಟ, ಜಪಾನುಗಳ ಮಾರ್ಗವಾಗಿ ಅಮೆರಿಕ ಸೇರಿ, ಬ್ರೂಕ್ಲಿನ್‌ನಲ್ಲಿ ವಾಸಿಸುತ್ತ ಆಕ್ರಮಿತ ನಾಡಿನ ಪರವಾಗಿ ಬರೆದರು, ಭಾಷಣ ಮಾಡಿದರು. ಈ ಪಲಾಯನದ ಕಥನವೂ ನಾರ್ವೆಯ ಮನೆವಾಳ್ತೆಯ ನೆನಪುಗಳ ಪುಸ್ತಕವೂ 1942ರಲ್ಲಿ ಇಂಗ್ಲಿಷ್‌ನಲ್ಲಿ ಹೊರಬಂದವು. ಮೂಲಭಾಷೆಯಲ್ಲಿ ಅವು ಅಚ್ಚಾದದ್ದು ಯುದ್ಧ ಮುಗಿದ ಮೇಲೆ, ಕ್ರಮವಾಗಿ 1945 ಮತ್ತು 1947ರಲ್ಲಿ. ಸ್ವಂತ ಭಾಷೆಯ ಓದುಗರು ಕೈಗೆಟುಕದಿದ್ದಾಗ ಲೇಖಕಿಗೆ ಉಳಿದದ್ದು ಅನುವಾದದ ಓದುಗರು ಮಾತ್ರ.

1945ರಲ್ಲಿ ತಾಯ್ನಾಡಿಗೆ ಮರಳಿದ ಅವರು 1949ರ ಜೂನ್ 10ರಂದು ಲಿಲ್ಲೆಹಾಮರ್‌ನಲ್ಲಿ ತೀರಿಕೊಂಡರು. ಟೀನಾ ನನ್ನಲಿ ಅವರ ಹೊಸ ಇಂಗ್ಲಿಷ್ ಅನುವಾದ 1997ರಿಂದ 2000ದವರೆಗೆ ಹೊರಬಂದು, ಬಿಟ್ಟುಹೋಗಿದ್ದ ಭಾಗಗಳನ್ನು ಮರಳಿ ಸೇರಿಸಿತು. ಅದರ ಕೊನೆಯ ಸಂಪುಟಕ್ಕೆ 2001ರಲ್ಲಿ ಪೆನ್ ಸಂಸ್ಥೆಯ ಅನುವಾದ ಪ್ರಶಸ್ತಿ ಸಂದಿತು. ಉಂಡ್‌ಸೆಟ್ ಅವರ ಮತ್ತೊಂದು ಮಧ್ಯಯುಗೀನ ಕಾದಂಬರಿ ‘ಊಲಾವ್ ಔಡುನ್‌ಸನ್’ ಸಹ ನನ್ನಲಿಯವರಿಂದಲೇ 2020–23ರಲ್ಲಿ ನಾಲ್ಕು ಸಂಪುಟಗಳಾಗಿ ಮರು ಅನುವಾದಗೊಂಡಿತು.