ಬೆಂಗಳೂರಿನಲ್ಲಿ ರೊನಾಲ್ಡ್ ರಾಸ್

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಕಂಡುಹಿಡಿದವರು ಯಾರು? ನಮ್ಮ ಶಾಲೆಯ ಯಾವ ವರ್ಷದ ವಿದ್ಯಾರ್ಥಿಯನ್ನು ಕೇಳಿದರೂ ರೊನಾಲ್ಡ್ ರಾಸ್ ಎಂದು ಉತ್ತರ ಬರುತ್ತದೆ. ಅದು ಒಂದು ಅಂಕದ ಪ್ರಶ್ನೆ. ಆ ಒಂದು ಅಂಕದ ಹಿಂದೆ ನಮ್ಮ ಬೆಂಗಳೂರಿನಲ್ಲಿ ಕಳೆದ ಕೆಲವು ವರ್ಷಗಳ ದುಡಿಮೆ, ಒಂದು ದೊಡ್ಡ ತಪ್ಪು ಮತ್ತು ಆ ತಪ್ಪನ್ನು ಒಪ್ಪಿಕೊಂಡ ದೊಡ್ಡತನ ಇವೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆಯನ್ನು ಹೇಳೋಣವೆನಿಸಿತು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಬ್ರಿಟಿಷರ ಭಾರತೀಯ ಸೇನೆಯ ಅಧಿಕಾರಿ. ಎಂಟು ವರ್ಷದ ಹುಡುಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹುಡುಗನಿಗೆ ಕವಿತೆ, ಚಿತ್ರಕಲೆ, ಸಂಗೀತ, ಗಣಿತಗಳ ಮೇಲೆ ಆಸೆ. ತಂದೆಗೆ ಮಗ ವೈದ್ಯನಾಗಬೇಕೆಂಬ ಹಟ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾದ ರಾಸ್ ಒಂದು ಪರೀಕ್ಷೆಯಲ್ಲಿ ನಪಾಸೂ ಆದರು. ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, ಮತ್ತೆ ಓದಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. ನಪಾಸಾದ ಮಕ್ಕಳನ್ನು ಗದರಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

1883ರಲ್ಲಿ ಅವರು ಬೆಂಗಳೂರು ದಂಡಿನ ಹಂಗಾಮಿ ವೈದ್ಯರಾದರು. ಆಗ ಜಯನಗರ, ಜೆ.ಪಿ. ನಗರಗಳಿರಲಿಲ್ಲ. ಯಡಿಯೂರು, ಸಾರಕ್ಕಿ, ಜರಗನಹಳ್ಳಿಗಳು ಕೆರೆ, ಹೊಲ, ತೋಪುಗಳ ನಡುವಿನ ಹಳ್ಳಿಗಳು. ದಂಡಿನಲ್ಲಿ ರಾಸ್ ಅವರಿಗೆ ಸಿಕ್ಕ ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆಯ ಕಾಟ ವಿಪರೀತ. ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿದ ಮೇಲೆ ಕಾಟ ಕಡಿಮೆಯಾಯಿತು. ಅಧಿಕಾರಿಗಳ ಊಟದ ಮನೆಯ ಹೂದಾನಿ, ಡಬ್ಬಗಳ ನೀರನ್ನೂ ಚೆಲ್ಲಿಸೋಣವೆಂದು ಮೇಲಿನವರಿಗೆ ಹೇಳಿದರು. ಅವರು ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂಬ ಯೋಚನೆ ಆಗ ರಾಸ್ ಅವರಿಗೂ ಬಂದಿರಲಿಲ್ಲ.

ಆ ಕಾಲದಲ್ಲಿ ಚಳಿಜ್ವರ ಮನೆಮನೆಯ ಸಂಕಟ. ಮತ್ತೆ ಮತ್ತೆ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡು ಕೈಗೆ ಸಿಗುತ್ತಿತ್ತು. ನಮ್ಮ ಹಿರಿಯರು ಇದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಸತ್ತವರ ದೇಹವನ್ನು ಬಿಚ್ಚಿ ನೋಡಿದ ವೈದ್ಯರಿಗೆ ಗುಲ್ಮವೂ ಯಕೃತ್ತೂ ಕಪ್ಪಿಟ್ಟು ಕಾಣುತ್ತಿದ್ದವು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗೆಲ್ಲ ಸಣ್ಣ ಸಣ್ಣ ಕರಿಯ ಕಣಗಳು. 1880ರಲ್ಲಿ ಆಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್, ರೋಗಿಗಳ ರಕ್ತದಲ್ಲಿ ಇಂಥ ಕರಿಯ ಕಣಗಳನ್ನು ಹೊತ್ತ ಪರಾವಲಂಬಿ ಜೀವಿಯನ್ನೇ ಕಂಡರು. ಮಲೇರಿಯಾಕ್ಕೆ ಅದೇ ಕಾರಣವೆಂದರು.

ರಾಸ್ ಇದನ್ನು ನಂಬಲಿಲ್ಲ. 1890ರ ದಶಕದ ಆರಂಭದಲ್ಲಿ ಮತ್ತೆ ಬೆಂಗಳೂರಿನಲ್ಲಿ ವೈದ್ಯರಾಗಿದ್ದಾಗ ಎಷ್ಟು ರಕ್ತ ನೋಡಿದರೂ ಆ ಜೀವಿ ಅವರ ಕಣ್ಣಿಗೆ ಬೀಳಲಿಲ್ಲ. ಜ್ವರದ ಮೂಲ ಕರುಳಿನಲ್ಲಿದೆ, ಅಲ್ಲಿ ಹುಟ್ಟುವ ವಿಷ ರಕ್ತಕ್ಕೆ ಸೇರಿ ಜ್ವರ ಬರುತ್ತದೆ ಎಂದು ಅವರು ತೀರ್ಮಾನಿಸಿದರು. ಲಾವೆರಾನ್ ಹೇಳಿದ್ದು ತಪ್ಪೆಂದು 1893ರಲ್ಲಿ ಲೇಖನವನ್ನೂ ಅಚ್ಚು ಹಾಕಿಸಿದರು.

ಮರುವರ್ಷ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ರಾಸ್ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಆ ಜೀವಿಯನ್ನು ತೋರಿಸಿದರು. ಇದನ್ನು ಸೊಳ್ಳೆ ಒಯ್ಯುತ್ತಿರಬಹುದೆಂಬ ಊಹೆಯನ್ನೂ ಹೇಳಿದರು. ಅಚ್ಚಾದ ಮಾತನ್ನು ಸಮರ್ಥಿಸಿಕೊಳ್ಳುತ್ತಾ ಕೂರಬಹುದಿತ್ತು. ರಾಸ್ ಹಾಗೆ ಮಾಡದೆ ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಟ್ಟು 1895ರಲ್ಲಿ ಭಾರತಕ್ಕೆ ಮರಳಿ, ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಸೀಳಿ ನೋಡತೊಡಗಿದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಬೆಂಗಳೂರಿಗೆ ಕರೆಸಿತು. ದಂಡಿನ ಪ್ರದೇಶದಲ್ಲಿ ಕಾಲರಾ ಹಬ್ಬಿತ್ತು. ವಾಂತಿಭೇದಿ ಎಂದರೆ ಊರೇ ನಡುಗುತ್ತಿದ್ದ ದಿನಗಳು. ಕಾಲರಾದ ರೋಗಾಣು ಸಣ್ಣ ಕರುಳಿನಲ್ಲಿ ನೆಲೆಸುತ್ತದೆಂದು ಜರ್ಮನಿಯ ಕಾಖ್ 1884ರ ಹೊತ್ತಿಗೆ ತೋರಿಸಿದ್ದರು. ಕರುಳಿನ ಗೋಡೆ ಹರಿಯದಿದ್ದರೂ ದೇಹದ ನೀರೆಲ್ಲ ಅಕ್ಕಿ ತೊಳೆದ ನೀರಿನಂತೆ ಹೊರಗೆ ಹೋಗಿ ರೋಗಿ ಒಂದೇ ದಿನದಲ್ಲಿ ಸಾಯಬಹುದು. ಇದಕ್ಕೆ ರೋಗಾಣು ಬಿಡುವ ವಿಷವೇ ಕಾರಣವೆಂದು ಮುಂದೆ 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಸಾಧಿಸಿದರು. ಇಂದು ಉಪ್ಪು, ಸಕ್ಕರೆ ಬೆರೆಸಿದ ನೀರು ಉಳಿಸುವ ಜೀವಗಳನ್ನು ಅಂದು ಉಳಿಸುವ ದಾರಿ ತಿಳಿದಿರಲಿಲ್ಲ. ರೋಗ ಬರದಂತೆ ತಡೆಯುವುದೊಂದೇ ಉಪಾಯ. ರಾಸ್ ಬಾವಿ, ಚರಂಡಿ, ಕಕ್ಕಸುಗಳನ್ನು ತಪಾಸಣೆ ಮಾಡಿದರು. ದಂಡಿನ ನೈರ್ಮಲ್ಯದ ಬಗ್ಗೆ ದೀರ್ಘವಾದ ವರದಿ ಬರೆದರು. 1897ರ ಆರಂಭದವರೆಗೆ ಈ ಕೆಲಸವೇ ಅವರ ಹೊತ್ತನ್ನೆಲ್ಲ ತಿಂದಿತು. ಕರುಳಿನಲ್ಲಿ ಜ್ವರದ ಕಾರಣ ಹುಡುಕಿ ಸೋತವರು, ನಿಜವಾದ ಕರುಳುಬೇನೆಯೊಂದರ ಎದುರು ಹೋರಾಡಿದ್ದು ಇದೇ ಊರಿನಲ್ಲಿ.

ಬಿಡುವಾದಾಗ ಸೊಳ್ಳೆಯ ಕೆಲಸವೂ ನಡೆಯಿತು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು ಮಲೇರಿಯಾ ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ತಾವಾಗಿಯೇ ಕಚ್ಚಿಸಿಕೊಂಡರು. ರಾಸ್ ಅವರ ಹೆಸರನ್ನು ಅಪ್ಪಿಯ ಎಂದು ದಾಖಲಿಸಿದ್ದಾರೆ. ನಮ್ಮ ಬಾಯಲ್ಲಿ ಅದು ಅಪ್ಪಯ್ಯ ಇದ್ದೀತು. ಅವರಿಗೆ ಜ್ವರ ಬರಲಿಲ್ಲ. ಆ ಸೊಳ್ಳೆಗಳು ಮಲೇರಿಯಾ ಹರಡುವ ಜಾತಿಯವಲ್ಲವೆಂದು ಆಮೇಲೆ ತಿಳಿಯಿತು. ಆದರೆ ಕಚ್ಚಿಸಿಕೊಳ್ಳುವಾಗ ಅಪ್ಪಯ್ಯನವರಿಗೆ ಅದು ಗೊತ್ತಿರಲಿಲ್ಲ! ಸತ್ತ ಸೊಳ್ಳೆಗಳಿದ್ದ ನೀರನ್ನು ಹಣ ಕೊಟ್ಟು ಬಡವರಿಗೆ ಕುಡಿಸಿದ ಪ್ರಯೋಗಗಳನ್ನೂ ರಾಸ್ ಮಾಡಿದರು. ಇಂದಿನ ನೀತಿ ಅದನ್ನು ಒಪ್ಪುವುದಿಲ್ಲ.

1897ರ ಜೂನ್‌ನಲ್ಲಿ ಅವರು ಸಿಕಂದರಾಬಾದಿಗೆ ಹಿಂತಿರುಗಿದರು. ಬೇಸಿಗೆಯ ಧಗೆ. ಗಾಳಿಗೆ ಸೊಳ್ಳೆಗಳು ಹಾರಿಹೋಗುವುದರಿಂದ ಪಂಕಾ ಎಳೆಸುವಂತಿಲ್ಲ. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಹತ್ತು ಸೊಳ್ಳೆಗಳಿಗೆ ರಕ್ತ ಕೊಟ್ಟ. ಆಗಸ್ಟ್ 20ರಂದು ಅವುಗಳಲ್ಲಿ ಒಂದನ್ನು ಸೀಳಿದಾಗ ಹೊಟ್ಟೆಯ ಗೋಡೆಯಲ್ಲಿ ಹಿಂದೆಂದೂ ಕಾಣದ ದುಂಡನೆಯ ಕೋಶಗಳು ಕಂಡವು. ಅವುಗಳ ಒಳಗೆ ಕರಿಯ ಕಣಗಳು. ಜ್ವರದಿಂದ ಸತ್ತವರ ಯಕೃತ್ತು, ಗುಲ್ಮಗಳನ್ನು ಕಪ್ಪಾಗಿಸಿದ್ದ ಅದೇ ಕಣಗಳು! ಅವುಗಳ ಗುರುತಿನಿಂದಲೇ ರಾಸ್ ಅವರಿಗೆ ಸೊಳ್ಳೆಯೊಳಗಿನ ಮಲೇರಿಯಾ ಸಿಕ್ಕಿತು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಕೋಶಗಳು ಇನ್ನಷ್ಟು ಬೆಳೆದಿದ್ದವು.

1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಇಟ್ಟುಕೊಂಡು, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು ಕಚ್ಚಿದಾಗ ಒಳಸೇರುತ್ತದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಮುಂದೆ ಇಟಲಿಯ ಗ್ರಾಸಿ ಅವರೊಂದಿಗೆ ಯಾರು ಮೊದಲೆಂದು ಕಹಿಯಾಗಿ ಜಗಳವಾಡಿದರು. ತನಗೆ ತಕ್ಕ ಮನ್ನಣೆ ಸಿಗಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ರಾಸ್ ಅವರನ್ನು ನೆನೆಯುವಾಗ ಹುಸೇನ್ ಖಾನ್ ಮತ್ತು ಅಪ್ಪಯ್ಯನವರನ್ನೂ ನೆನೆಯೋಣ. ನಮ್ಮ ಮಕ್ಕಳು ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಾಗ, ಕಂಡಿದ್ದನ್ನೇ ಬರೆಯಲಿ. ಬರೆದದ್ದು ತಪ್ಪೆಂದು ಗೊತ್ತಾದರೆ ನಾಚದೆ ತಿದ್ದಲಿ. ಉಳಿದ ನಾವು ಒಂದು ಸಣ್ಣ ಕೆಲಸ ಮಾಡಬಹುದು. ನಮ್ಮ ಬಡಾವಣೆಗಳಲ್ಲಿ ಈಗ ಡೆಂಗಿಯ ಕಾಟ. ಮನೆಗೆ ಹೋದ ಕೂಡಲೇ ಹಿತ್ತಲಿನ ತೊಟ್ಟಿ, ಹೂಕುಂಡದ ತಟ್ಟೆ, ಹಳೆಯ ಟೈರುಗಳಲ್ಲಿ ನಿಂತ ನೀರನ್ನು ಚೆಲ್ಲೋಣ. 1883ರಲ್ಲಿ ಇದೇ ಬೆಂಗಳೂರಿನಲ್ಲಿ ಆ ಯುವ ವೈದ್ಯರು ಹೇಳಿದ್ದು ಅಷ್ಟನ್ನೇ.